ಐದು ಬಾವಿಗಳ ಚೌಕ

ರೆಕ್ಕೆಯಿದ್ದ ಕಲ್ಲಿನ ಸಿಂಹದ ಕೆಳಗೆ ಹಾದು
ಜಾದರ್ ಊರೊಳಗೆ ಬಂದೆ.
ಸಿಂಹ ನನ್ನತ್ತ ನೋಡಲಿಲ್ಲ.
ಅದರ ಕಿವಿಯ ಸಂದಿಯಲ್ಲಿ ಪಾರಿವಾಳವೊಂದು
ಸಂಸಾರ ಹೂಡಿತ್ತು.

ನಾಲ್ಕು ಹೆಜ್ಜೆಗೆ ಚೌಕ.
ಚೌಕದಲ್ಲಿ ಸಾಲಾಗಿ ಐದು ಬಾವಿ,
ಶಾಲೆಯ ಫೋಟೋಕ್ಕೆ ನಿಲ್ಲಿಸಿದ ಅಕ್ಕತಂಗಿಯರ ಹಾಗೆ
ಒಂದೇ ಎತ್ತರ, ಒಂದೇ ಮುಖ,
ತಲೆಯ ಮೇಲೆ ಒಂದೇ ಬಗೆಯ ಕಬ್ಬಿಣದ ಕಮಾನು.
ಬಾಯಿಗಳಿಗೆಲ್ಲ ಮುಚ್ಚಳ.

ಬಾಯಾರಿದ ಮೇಲೆ ಬಾವಿ ತೋಡಿದವರಲ್ಲ ಇವರು.
ದಂಡು ಬರುತ್ತದೆಂಬ ಸುದ್ದಿಗೇ ಗುದ್ದಲಿ ಹಿಡಿದು
ಬಾಣಂತನಕ್ಕೆ ತುಪ್ಪ ಕೂಡಿಟ್ಟ ಹಾಗೆ
ಮಳೆಯನ್ನು ಕೂಡಿಟ್ಟರು.
ಮೂರು ಕಡೆ ಕಡಲು,
ಕುಡಿಯಲು ಒಂದು ಬೊಗಸೆಯಿಲ್ಲ.

ಕಟ್ಟೆಯಂಚಿನಲ್ಲಿ ಹಗ್ಗ ಕೊರೆದ ಗೀರು.
ಬೆರಳಿಟ್ಟೆ. ಅಳತೆ ಕೊಟ್ಟು ಮಾಡಿಸಿದಂತೆ
ಕೂತಿತು.

ಮೂರನೆಯ ಬಾವಿಯ ಮೆಟ್ಟಿಲಲ್ಲಿ ಸ್ತೋಷಿಯಾ ಅಜ್ಜಿ,
ಮಡಿಲಲ್ಲಿ ಅವರೆಕಾಳಿನಂಥ ದಪ್ಪ ಕಾಳು, ಸುಲಿಯುತ್ತಿದ್ದಾಳೆ.
ಐದನೆಯದರಲ್ಲಿ ಪೆರಿನಾ,
ಬೆನ್ನು ಇತ್ತ, ಹೆಣಿಗೆ ಅತ್ತ.
ನಡುವಿನ ನಾಲ್ಕನೆಯದು ಖಾಲಿ.
ಏನೂ ತಿಳಿಯದ ನಾನು
ಹೋಗಿ ಅಲ್ಲೇ ಕೂತೆ.

ಅಜ್ಜಿಯ ಮೊಮ್ಮಗ ಕ್ರಶೆವಾನ್, ಹತ್ತು ವರ್ಷ,
ಮಂಡಿಯಲ್ಲಿ ಹೊಸ ಗಾಯ,
ಬಾಯಲ್ಲಿ ಶಾಲೆಯ ಅರೆಬರೆ ಇಂಗ್ಲಿಷು.
ನನ್ನ ಮಾತು ಅವಳಿಗೆ, ಅವಳ ಮಾತು ನನಗೆ ದಾಟಿಸಲು
ಕೂಲಿ: ಐಸ್‌ಕ್ರೀಮಿನ ಒಂದು ಉಂಡೆ.

"ಈ ಬಾವಿಯ ನೀರು ಕುಡಿದಿದ್ದೀರಾ?" ಕೇಳಿದೆ.
ಅಜ್ಜಿ ಕಾಳು ಬದಿಗಿಟ್ಟಳು.
ಹೇಳಿದಳು, ಹೇಳಿದಳು,
ಹಗ್ಗ ಬಿಟ್ಟಷ್ಟೂ ತಳ ಸಿಗದ ಹಾಗೆ.
ಕೈಗಳು ನಲ್ಲಿ ತಿರುವಿದವು, ನಲ್ಲಿ ಕೆಮ್ಮಿತು.
ಕೈಗಳು ಆಕಾಶ ತೋರಿಸಿ
ತಲೆ ಮುಚ್ಚಿಕೊಂಡವು.
ಇಲ್ಲೇ, ಈ ಹಾಸುಗಲ್ಲಿನ ಮೇಲೆ, ಟ್ಯಾಂಕರ್ ನಿಂತಿತು.
ಕ್ಯಾನುಗಳ ಸಾಲು, ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು,
ಒಂದು ಮೊಣಕೈ,
ಒಂದು ಕ್ಯಾನು ಉರುಳಿ...
ಅಂಗೈ ಬಿಡಿಸಿ ತೋರಿಸಿದಳು. ಏನೂ ಇರಲಿಲ್ಲ.
ಐದನೆಯ ಬಾವಿಯತ್ತ ಗಲ್ಲ ಎತ್ತಿದಳು.

ಹುಡುಗ ಅಷ್ಟನ್ನೂ ಸೇದಿ
ನನಗೆ ಒಂದು ಚೊಂಬು ಕೊಟ್ಟ:
"ಆಗ ನೀರಿರಲಿಲ್ಲವಂತೆ."

"ಅವರನ್ನೂ ಕೇಳು."
ಓಡಿದ. ಪೆರಿನಾ ತಿರುಗದೆಯೇ ಮಾತಾಡಿದಳು.
ಹೆಣಿಗೆಯ ಸೂಜಿಗಳು ಅದೇ ಆಕಾಶ ತೋರಿಸಿದವು,
ಅದೇ ಮೊಣಕೈ, ಅದೇ ಉರುಳಿದ ಕ್ಯಾನು.
ಮರಳಿ ಬಂದವನು ಅಂದ:
"ಅದನ್ನೇ ಹೇಳ್ತಾಳೆ.
ಆದರೆ ಸಾಲಿನಲ್ಲಿ ಮುಂದೆ ಇದ್ದದ್ದು ತಾನಂತೆ."

"ಅವತ್ತಿಂದ ಮಾತಿಲ್ವಾ?"
"ಇದೆ ಇದೆ. ನನ್ನ ಮೂಲಕ."
ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಬೂರಾ ಗಾಳಿ,
ಕಾಫಿ ಅಂಗಡಿಯ ಕೊಡೆಗಳು ಒಂದೊಂದಾಗಿ ಮಡಿಸಿಕೊಂಡವು.
ಸ್ತೋಷಿಯಾ ಮೊಮ್ಮಗನ ಕಿವಿಯಲ್ಲಿ ಏನೋ ಗೊಣಗಿದಳು.
ಅವನು ನಿಂತಲ್ಲಿಂದಲೇ ಐದನೆಯ ಬಾವಿಗೆ ಕೂಗಿದ.
ಪೆರಿನಾ ಹೆಣಿಗೆ ಸುತ್ತಿ
ಮನೆಯ ಕಡೆ ದಡದಡ ನಡೆದಳು.
"ಏನಂದೆ?"
"ಹಗ್ಗದ ಮೇಲೆ ನಿನ್ನ ಬಟ್ಟೆ ಇದೆ ಅಂದೆ."

ಮುಚ್ಚಳದ ಅಂಚಿನಲ್ಲಿ ಕೂದಲೆಳೆಯ ಸಂದು. ಬಗ್ಗಿದೆ.
ಹಳೇ ತಣ್ಣಗಿನ ವಾಸನೆ,
ನಾಣ್ಯ ಬಾಯಲ್ಲಿಟ್ಟುಕೊಂಡ ಹಾಗೆ.
ಹುಡುಗ ನಕ್ಕ, ನನ್ನ ದಡ್ಡತನಕ್ಕೆ:
"ಯಾವುದರಲ್ಲಿ ಇಣುಕಿದರೂ ಅಷ್ಟೇ.
ಕೆಳಗೆ ಒಂದೇ ತೊಟ್ಟಿ. ಐದು ಬರೀ ಬಾಯಿ."

ನನ್ನ ಬಾಯಿ ಒಣಗಿತ್ತು. ಏನೂ ಅನ್ನಲಿಲ್ಲ.

ಅವನು ಎರಡು ಬೆರಳು ಎತ್ತಿ ಹಿಡಿದಿದ್ದ.
ಇಬ್ಬರು ಅಜ್ಜಿಯರು, ಎರಡು ಉಂಡೆ. ನ್ಯಾಯ.
ಒಂದು ಪಿಸ್ತಾ. ಇನ್ನೊಂದು
ಈ ಊರಿನ ಹುಳಿ ಚೆರ್ರಿ,
ಗಾಳಿಗೆ ಕರಗಿ ಅವನ ಮಣಿಕಟ್ಟಿನವರೆಗೆ ಇಳಿದು
ನಾಲ್ಕನೆಯ ಬಾವಿಯ ಕಲ್ಲಿನ ಮೇಲೆ
ತೊಟ್ಟಿಕ್ಕುತ್ತಿತ್ತು.